ನೆರಳು ಮತ್ತು ಸಸಿ: ಕತ್ತಲೆಕಾನಿನಿಂದ ಕನಮಡಿಯ ಮಡ್ಡಿಯವರೆಗೆ

ಹಳೆಯ ಕಾಡಿನಲ್ಲಿ ಬೀಜಕ್ಕೆ ಬರವಿಲ್ಲ, ಮೊಳಕೆಗೂ ಇಲ್ಲ. ಮುಂಗಾರಿನ ಮೊದಲ ವಾರಗಳಲ್ಲಿ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ನೆಲ ಕಾಲಿಡಲು ಜಾಗವಿಲ್ಲದಷ್ಟು ಸಸಿಗಳಿಂದ ತುಂಬಿಹೋಗುತ್ತದೆ. ಅವುಗಳಲ್ಲಿ ಮರವಾಗಿ ನೆತ್ತಿ ಮುಟ್ಟುವುದು ಸಾವಿರಕ್ಕೊಂದೂ ಕಷ್ಟ. ಉಳಿದವುಗಳ ಸಾವಿನಲ್ಲಿ ದೊಡ್ಡ ಪಾಲು ಮೇಲಿನ ಮರಗಳ ನೆರಳಿನದು. ರಾಜ್ಯದ ಇನ್ನೊಂದು ತುದಿಯಲ್ಲಿ, ವಿಜಯಪುರ ಜಿಲ್ಲೆಯ ತಿಕೋಟಾ ತಾಲೂಕಿನ ಗಡಿಯೂರು ಕನಮಡಿಯ ಕಲ್ಲುನೆಲದ ಮಡ್ಡಿಯಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ತಾನಾಗಿ ಹುಟ್ಟಿದ ಸಸಿ ಉಳಿಯುವುದೇ ಯಾವುದಾದರೊಂದು ನೆರಳು ದಕ್ಕಿದಾಗ. ಒಂದೆಡೆ ಕೊಲ್ಲುವ ನೆರಳು ಇನ್ನೊಂದೆಡೆ ಸಾಕುವುದೇಕೆ ಎಂಬುದು ಅರಣ್ಯಶಾಸ್ತ್ರಕ್ಕೆ ಮನದಟ್ಟಾಗಲು ನೂರು ವರ್ಷ ಹಿಡಿಯಿತು. ಅಷ್ಟು ಹೊತ್ತಿಗೆ ಕನ್ನಡ ನಾಡಿನ ಕಾಡು ಸಾಕಷ್ಟು ಬೆಲೆ ತೆತ್ತಿತ್ತು.

ದಟ್ಟ ಕಾಡಿನ ನೆತ್ತಿಗೆ ಬೀಳುವ ಬೆಳಕಿನಲ್ಲಿ ನೆಲ ತಲುಪುವುದು ನೂರಕ್ಕೆ ಒಂದೆರಡು ಪಾಲು ಮಾತ್ರ. ಅದೂ ಸಮನಾಗಿ ಹರಡಿರುವುದಿಲ್ಲ. ಗಾಳಿಗೆ ಎಲೆ ಸರಿದಾಗ ಸಂದಿಯಿಂದ ಇಳಿಯುವ ಬಿಸಿಲ ಚುಕ್ಕೆಗಳು ಕೆಲವು ಸೆಕೆಂಡಿನಿಂದ ಕೆಲವು ನಿಮಿಷದವರೆಗೆ ಒಂದು ಜಾಗದಲ್ಲಿದ್ದು ಸರಿದುಹೋಗುತ್ತವೆ. ಎಷ್ಟೋ ಸಸಿಗಳಿಗೆ ದಿನದ ಬೆಳಕಿನಲ್ಲಿ ಅರ್ಧಕ್ಕೂ ಹೆಚ್ಚು ಸಿಗುವುದು ಈ ಚುಕ್ಕೆಗಳಿಂದಲೇ. ಪ್ರಮಾಣದ ಜೊತೆಗೆ ಬೆಳಕಿನ ಗುಣವೂ ಬದಲಾಗಿರುತ್ತದೆ. ಮೇಲಿನ ಎಲೆಗಳು ಕೆಂಪು ಕಿರಣಗಳನ್ನು ಹೀರಿಕೊಂಡು, ಕಣ್ಣಿಗೆ ಕಾಣದಷ್ಟು ಕಡುಗೆಂಪಾದ ಕಿರಣಗಳನ್ನು ಕೆಳಗೆ ಬಿಡುತ್ತವೆ. ಬಯಲಿನ ಬಿಸಿಲಿನಲ್ಲಿ ಇವೆರಡೂ ಹೆಚ್ಚುಕಡಿಮೆ ಸಮವಾಗಿದ್ದರೆ ಕಾಡಿನ ಬುಡದಲ್ಲಿ ಕೆಂಪಿನ ಪಾಲು ಮೂರನೆಯ ಒಂದಕ್ಕೂ ಇಳಿಯಬಹುದು. ಸಸಿಯ ಒಳಗಿನ ಒಂದು ವರ್ಣದ್ರವ್ಯ ಈ ವ್ಯತ್ಯಾಸವನ್ನು ಗುರುತಿಸಿ, ತಲೆಯ ಮೇಲೆ ಬೇರೆ ಗಿಡವಿದೆ ಎಂಬ ಸುದ್ದಿಯನ್ನು ಚಿಗುರಿಗೂ ಬೇರಿಗೂ ಮುಟ್ಟಿಸುತ್ತದೆ.

ಆ ಸುದ್ದಿಗೆ ಮರಜಾತಿಗಳು ಎರಡು ಬಗೆಯಾಗಿ ಸ್ಪಂದಿಸುತ್ತವೆ. ಚಂದಕಲಿನಂಥ ಬಿಸಿಲುಪ್ರಿಯ ಮರದ ಬೀಜ ಚಿಕ್ಕದು. ಮಣ್ಣಿನಲ್ಲಿ ಕಾದಿದ್ದು ಬೆಳಕು ಬಿದ್ದಾಗ ಮೊಳೆಯುತ್ತದೆ, ನೆರಳು ಕಂಡರೆ ಸಣಕಲಾಗಿ ಉದ್ದಕ್ಕೆ ಜಗ್ಗಿ, ಬೆಳಕು ಸಿಗದಿದ್ದರೆ ಸತ್ತುಹೋಗುತ್ತದೆ. ಇನ್ನೊಂದು ಪಂಗಡ ಧೂಮ, ಸಾಲುಧೂಪ, ರಾಮಪತ್ರೆ, ಹಾಡಸಲೆಗಳದು. ಇವುಗಳ ಬೀಜ ದೊಡ್ಡದು, ಮೊದಲ ತಿಂಗಳುಗಳ ಬುತ್ತಿ ಅದರೊಳಗೇ ಇರುತ್ತದೆ. ಆದರೆ ಬಾಳಿಕೆ ಕಡಿಮೆ. ರಾಮಪತ್ರೆಯ ಬೀಜ ಒಣಗಿದರೆ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ, ಆದ್ದರಿಂದ ಅದು ಬೀಳಬೇಕಾದದ್ದು ತಂಪು ನೆಲದ ಮೇಲೆಯೇ. ಮೊಳೆತ ಸಸಿ ತೆಳ್ಳಗಿನ ಅಗಲ ಎಲೆಗಳನ್ನು ಬಿಟ್ಟು, ಉಸಿರಾಟದ ಖರ್ಚನ್ನು ಇಳಿಸಿ, ಸಿಕ್ಕಷ್ಟು ಬೆಳಕಿನಲ್ಲೇ ದಿನ ದೂಡುತ್ತದೆ. ವರ್ಷಕ್ಕೆ ಒಂದೆರಡು ಎಲೆ, ಬೆರಳಗಲದ ಏರಿಕೆ. ಮೊಣಕಾಲೆತ್ತರದ ಇಂಥ ಸಸಿಗೆ ಹತ್ತಾರು ವರ್ಷ ತುಂಬಿರಬಹುದು. ನೋಡಿದವರು ಈ ವರ್ಷದ್ದೆಂದು ತಿಳಿಯುತ್ತಾರೆ, ಅಷ್ಟೆ.

ಕಾಯುವಿಕೆ ಮುಗಿಯುವುದು ಮೇಲಿನ ಮರ ಉರುಳಿದಾಗ. ಕಾಡಿನ ನೆತ್ತಿಯಲ್ಲಿ ಬಿದ್ದ ಆ ಕಂಡಿ ಚಿಕ್ಕದಿದ್ದರೆ, ಅಂದರೆ ಒಂದೋ ಎರಡೋ ಮರದಷ್ಟಿದ್ದರೆ, ಕಾದಿದ್ದ ಸಸಿಗಳು ಮೇಲೇಳುತ್ತವೆ. ಕಂಡಿ ದೊಡ್ಡದಾದರೆ ಗೆಲುವು ಚಂದಕಲಿನದು. ಕಾದಿದ್ದ ಸಸಿಯ ತೆಳು ಎಲೆ ಏಕಾಏಕಿ ಬಿದ್ದ ಬಿಸಿಲಿಗೆ ಸುಟ್ಟುಹೋಗುತ್ತದೆ. ಕಾಡು ಹೀಗೆ ತುಂಡು ತುಂಡಾಗಿ ಹಳತಾಗಿ ಹೊಸತಾಗುತ್ತಿರುತ್ತದೆ ಎಂಬ ಚಿತ್ರವನ್ನು 1947ರಲ್ಲಿ ಪರಿಸರ ವಿಜ್ಞಾನಿ ಎ. ಎಸ್. ವಾಟ್ ಸ್ಪಷ್ಟವಾಗಿ ಬರೆದ. 1970–71ರಲ್ಲಿ ಅದೇ ಶಾಸ್ತ್ರದ ಜಾನ್ಜನ್ ಮತ್ತು ಕಾನೆಲ್ ಇನ್ನೊಂದು ಎಳೆ ಸೇರಿಸಿದರು. ತಾಯಿಮರದ ಬುಡದಲ್ಲಿ ಆ ಜಾತಿಗೇ ಅಂಟುವ ಹುಳು ಮತ್ತು ಶಿಲೀಂಧ್ರಗಳು ಗುಂಪುಗೂಡಿರುವುದರಿಂದ, ದೂರದಲ್ಲಿ ಬಿದ್ದ ಬೀಜಕ್ಕೆ ಬದುಕುವ ಅವಕಾಶ ಹೆಚ್ಚು. ರಾಮಪತ್ರೆಯ ಕೆಂಪು ಪತ್ರೆ ನುಂಗಿ ಬೀಜವನ್ನು ಆಚೆ ಉಗುಳುವ ಮಂಗಟ್ಟೆ ಹಕ್ಕಿಯ ಉಪಕಾರ ಇಲ್ಲಿ ಸಣ್ಣದಲ್ಲ.

ಈ ಶಾಸ್ತ್ರವೆಲ್ಲ ಇತ್ತೀಚಿನದು. ಮಲೆನಾಡಿನ ಜನ ನೆರಳಿನೊಡನೆ ವ್ಯವಹರಿಸಿದ್ದು ಅದಕ್ಕಿಂತ ಬಹಳ ಹಿಂದೆ, ಕಾನುಗಳಲ್ಲಿ. ಸೊರಬ, ಸಾಗರ, ಸಿದ್ದಾಪುರ, ಶಿರಸಿ ಸೀಮೆಯಲ್ಲಿ ಎಲೆಯುದುರುವ ಕಾಡು ಮತ್ತು ಗದ್ದೆಗಳ ನಡುವೆ ದ್ವೀಪದಂತೆ ಉಳಿದಿದ್ದ ನಿತ್ಯಹರಿದ್ವರ್ಣ ತುಂಡುಗಳೇ ಕಾನು. ಅಲ್ಲಿ ದೇವರಿತ್ತು, ತೋಟಕ್ಕೆ ಇಳಿಯುವ ಝರಿಯ ಮೂಲವಿತ್ತು, ಬಗನಿ, ದಾಲ್ಚಿನ್ನಿ, ಉಪ್ಪಾಗೆ ಇದ್ದವು. ಎಲ್ಲಕ್ಕಿಂತ ಬೆಲೆಯುಳ್ಳದ್ದು ಕಾಳುಮೆಣಸು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು 16ನೆಯ ಶತಮಾನದ ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಇಂಥ ಘಟ್ಟದ ನೆರಳಿನಲ್ಲಿ ಬೆಳೆದ ಸರಕಿನಿಂದ. ಮೆಣಸಿನ ಬಳ್ಳಿಗೆ ನೆರಳು ಬೇಕು, ಆದರೆ ಕಗ್ಗತ್ತಲಲ್ಲಿ ಅದು ಕಾಯಿ ಕಟ್ಟುವುದಿಲ್ಲ. ಆದ್ದರಿಂದ ಕಾನು ನೋಡಿಕೊಳ್ಳುವವರು ದೊಡ್ಡ ಮರಗಳನ್ನು ಹಾಗೆಯೇ ಬಿಟ್ಟು, ಬುಡದ ಪೊದೆ ಸವರಿ, ಅಡ್ಡ ಬಂದ ಕೊಂಬೆಯನ್ನಷ್ಟೇ ಕಡಿದು ಬೆಳಕನ್ನು ಹದ ಮಾಡುತ್ತಿದ್ದರು. 1801ರಲ್ಲಿ ಈಸ್ಟ್ ಇಂಡಿಯಾ ಕುಂಪಣಿಯ ಪರವಾಗಿ ಉತ್ತರ ಕನ್ನಡದಲ್ಲಿ ತಿರುಗಿದ ಫ್ರಾನ್ಸಿಸ್ ಬುಕಾನನ್, ಕಾಡು ಊರದೇವರ ಸ್ವತ್ತೆಂದೂ ಮರ ಕಡಿಯಲು ಗೌಡನ ಅಪ್ಪಣೆ ಬೇಕೆಂದೂ ಜನ ಹೇಳಿದ್ದನ್ನು ಬರೆದುಕೊಂಡ. ಅದು ಕುಂಪಣಿಯ ಹಕ್ಕನ್ನು ತಪ್ಪಿಸಲು ಹೂಡಿದ ನೆಪವೆಂಬ ಗುಮಾನಿಯೂ ಅವನಿಗಿತ್ತು. ಮರ ಕಡಿಯುವುದಕ್ಕೆ ದೇವರನ್ನು ಕೇಳುವ ಪದ್ಧತಿ ಅವನ ಲೆಕ್ಕಪತ್ರಕ್ಕೆ ಹೊಂದದ ಸಂಗತಿ. 1868ರಲ್ಲಿ ಸರಕಾರಿ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬ ತಾಲೂಕಿನ ಕಾನುಗಳ ಬಗ್ಗೆ ಜಂಟಿ ವರದಿ ಬರೆದಾಗ ಆ ಒಂದೇ ತಾಲೂಕಿನಲ್ಲಿ ನೂರಕ್ಕೂ ಹೆಚ್ಚು ಕಾನುಗಳಿದ್ದವು.

ಅಡಿಕೆ ತೋಟದವರ ನೆರಳಿನ ಲೆಕ್ಕವೂ ಚೊಕ್ಕವಾದದ್ದೇ. ಎಳೆಯ ಅಡಿಕೆ ಸಸಿ ನೈಋತ್ಯದ ಇಳಿಬಿಸಿಲಿಗೆ ಸುಡುತ್ತದೆ. ಅದಕ್ಕೆ ಬಾಳೆಯ ಮರೆ ಕೊಡುತ್ತಾರೆ, ಮುದಿ ಮರ ಸಾಯುವ ಮೊದಲೇ ಅದರ ಕೆಳಗೆ ಹೊಸ ಸಸಿ ಇಡುತ್ತಾರೆ. ಹೀಗೆ ತೋಟ ಎಂದೂ ಬೋಳಾಗದೆ ತಲೆಮಾರು ದಾಟುತ್ತದೆ. ಆದರೆ ಅದೇ ತೋಟಕ್ಕೆ ಗೊಬ್ಬರದ ಸೊಪ್ಪು ಒದಗಿಸುವ ಬೆಟ್ಟದಲ್ಲಿ ನಡೆದದ್ದು ಬೇರೆ. ಬ್ರಿಟಿಷರ ಕಾಲದಲ್ಲಿ ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿದ್ದರು. ವರ್ಷ ವರ್ಷ ಕೊಂಬೆ ಸವರಿದ ಮತ್ತಿ, ನಂದಿ, ಹೊನ್ನೆಗಳು ಕಂಬದಂತೆ ನಿಂತವು, ನೆಲಕ್ಕೆ ಬಿಸಿಲು ಬಿತ್ತು, ತರಗೆಲೆ ತೋಟಕ್ಕೆ ಹೋಯಿತು. ನೆರಳು ಬೇಡುವ ಜಾತಿಗಳ ಸಸಿ ಅಲ್ಲಿ ಏಳಲೇ ಇಲ್ಲ. ತೋಟದೊಳಗೆ ನೆರಳಿನ ಮರ್ಮ ಬಲ್ಲವರೇ ತೋಟದಾಚೆ ಅದನ್ನು ಮರೆತದ್ದನ್ನು ಮಲೆನಾಡಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಮೆತ್ತಗೆ ದಾಟಿಬಿಡುತ್ತಾರೆ.

ಸರಕಾರಿ ಅರಣ್ಯಶಾಸ್ತ್ರ ಬಂದದ್ದು ತೇಗದ ಬೆನ್ನು ಹತ್ತಿ. ಮುಂಬಯಿ ಪ್ರಾಂತ್ಯದಲ್ಲಿ ಅಲೆಕ್ಸಾಂಡರ್ ಗಿಬ್ಸನ್ 1847ರಲ್ಲಿ ಅರಣ್ಯ ಸಂರಕ್ಷಣಾಧಿಕಾರಿಯಾದ, ಮದ್ರಾಸಿನಲ್ಲಿ ಹ್ಯೂ ಕ್ಲೆಗಾರ್ನ್ 1856ರಲ್ಲಿ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿಗೆ ವರ್ಗವಾಯಿತು. 1864ರಲ್ಲಿ ಇಡೀ ದೇಶದ ಅರಣ್ಯ ಇಲಾಖೆಗೆ ಮುಖ್ಯಸ್ಥನಾದ ಡೀಟ್ರಿಚ್ ಬ್ರಾಂಡಿಸ್ ಜರ್ಮನಿಯವನು, ಬರ್ಮಾದ ಪೆಗುವಿನಲ್ಲಿ ತೇಗದ ಕಾಡು ನೋಡಿಕೊಂಡಿದ್ದವನು. ಜರ್ಮನ್ ಅರಣ್ಯಶಾಸ್ತ್ರದಲ್ಲಿ ಆಗ ಮರಗಳನ್ನು ಬೆಳಕು ಬೇಡುವವು, ನೆರಳು ತಾಳುವವು ಎಂದು ವಿಂಗಡಿಸುವುದು ರೂಢಿಯಾಗಿತ್ತು. ಗುಸ್ಟಾವ್ ಹೇಯರ್ 1852ರಲ್ಲಿ ಅದರ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದ. ತೇಗ ಬೆಳಕು ಬೇಡುವವುಗಳಲ್ಲಿ ಮೊದಲ ಸಾಲಿನದು, ತಲೆಯ ಮೇಲೆ ನೆರಳು ಬಿದ್ದರೆ ಅದರ ಸಸಿ ಏಳುವುದೇ ಇಲ್ಲ. ತೇಗವನ್ನು ಕಣ್ಣ ಮುಂದಿಟ್ಟುಕೊಂಡವರಿಗೆ ನೆರಳು ತೆಗೆದುಹಾಕಬೇಕಾದ ತೊಡಕಾಗಿ ಕಂಡದ್ದು ಸಹಜ. ತಮಾಷೆಯೆಂದರೆ, ಕಾಡು ಕಡಿದು ಸುಟ್ಟು ಬಿತ್ತುವ ಕುಮರಿಯನ್ನು ವಿನಾಶವೆಂದು 1860ರಲ್ಲಿ ಮದ್ರಾಸ್ ಸರಕಾರ ನಿರ್ಬಂಧಿಸಿದರೆ, ಅದೇ ಕಾಲಕ್ಕೆ ಬರ್ಮಾದಲ್ಲಿ ಬ್ರಾಂಡಿಸ್ ಅಂಥದೇ ಸಾಗುವಳಿಯ ಜನರ ಕೈಯಿಂದ ಸುಟ್ಟ ನೆಲದಲ್ಲಿ ತೇಗ ನೆಡಿಸುತ್ತಿದ್ದ.

ಆ ಬಳಿಕ ರೈಲು ಬಂತು. ಸದರ್ನ್ ಮರಾಠಾ ರೈಲ್ವೆಯ ಹೊಟಗಿ–ಗದಗ ದಾರಿ 1884ರಲ್ಲಿ ವಿಜಯಪುರದ ಮೇಲೆ ಹಾದುಹೋಯಿತು. 1876–78ರ ಬರ, ಆ ಸೀಮೆ ಆಗ ಸೇರಿದ್ದ ಕಲಾದಗಿ ಜಿಲ್ಲೆಯನ್ನು ಹಾಳುಗೆಡವಿ ಹೆಚ್ಚು ವರ್ಷ ಆಗಿರಲಿಲ್ಲ. ಹಳಿಯ ಕೆಳಗಿನ ಸ್ಲೀಪರಿಗೆ, ಸೇತುವೆಗೆ, ಊರುಗಳ ತೊಲೆ ಜಂತಿಗೆ ಬೇಕಾದ ಮರ ಮರವಿಲ್ಲದ ಈ ಬಯಲಿನಲ್ಲಿ ಎಲ್ಲಿಂದ ಬರಬೇಕು? ಘಟ್ಟದ ಕಾಡಿನ ಮೇಲೆ ಬೇಡಿಕೆ ಏರಿತು. 1878ರ ಅರಣ್ಯ ಕಾಯ್ದೆ ಕಾಡನ್ನು ಮೀಸಲುಗೊಳಿಸಿತ್ತು, ಅದರ ಹಿಂದೆಯೇ ಯೋಜನೆ ಬರೆದು ಕಡಿಯುವ ಪದ್ಧತಿ ಬಂತು. ಒಳ್ಳೆಯ ತೇಗದ ಸೀಮೆಯಲ್ಲಿ ಬೋಳು ಕಡಿದು ನೆಡುತೋಪು ಮಾಡಿದರು. ನಿತ್ಯಹರಿದ್ವರ್ಣದಲ್ಲಿ ಆಯ್ದು ಕಡಿಯುವ ಕ್ರಮ ಜಾರಿಗೆ ತಂದರು. ಅಂದರೆ ಇಷ್ಟು ಸುತ್ತಳತೆ ದಾಟಿದ ಮರಕ್ಕೆ ಮಾತ್ರ ಗುರುತು ಹೊಡೆದು ಉರುಳಿಸುವುದು. ಕಾಗದದ ಮೇಲೆ ಇದು ಕಾಡಿನ ಕ್ರಮದ್ದೇ ಅನುಕರಣೆ: ಒಂದು ಮರ ಬಿದ್ದ ಕಂಡಿಯಲ್ಲಿ ಕಾದಿದ್ದ ಸಸಿಗಳು ಮೇಲೇಳಬೇಕು.

ಘಟ್ಟದ ಇನ್ನೊಂದು ಬೆಳೆ ಈ ಹೊತ್ತಿಗೆ ನೆರಳಿನ ಪಾಠ ಕಲಿತಿತ್ತು. ಕಾಫಿ ಮೂಲತಃ ಕಾಡಿನ ಮರಗಳ ಕೆಳಗೆ ಬೆಳೆಯುವ ಗಿಡ. ಕೊಡಗಿನ ಯುರೋಪಿಯನ್ ಪ್ಲಾಂಟರುಗಳು ಕಾಡನ್ನು ಬೋಳಿಸಿ ನೆಟ್ಟ ತೋಟಗಳನ್ನು 1860ರ ದಶಕದಲ್ಲಿ ಕಾಂಡಕೊರಕ ಹುಳು ನೆಲಸಮ ಮಾಡಿತು. ಆ ಹುಳುವಿನ ಹಾವಳಿಯನ್ನು ಪರಿಶೀಲಿಸಿದ ಜಾರ್ಜ್ ಬೀಡಿ 1869ರ ತನ್ನ ವರದಿಯಲ್ಲಿ ನೆರಳಿಲ್ಲದ ತೋಟಗಳೇ ಹೆಚ್ಚು ಕೆಟ್ಟದ್ದನ್ನು ತೋರಿಸಿ, ಮರ ಉಳಿಸುವಂತೆ ಹೇಳಿದ. ಕಾಫಿತೋಟಕ್ಕೆ ನೆರಳು ಮರಳಿತು.

ಸರಕಾರಿ ಕಾಡಿನಲ್ಲಿ ಹಾಗಾಗಲು ತಡವಾಯಿತು. ಅರಣ್ಯಶಾಸ್ತ್ರಜ್ಞ ಆರ್. ಎಸ್. ಟ್ರೂಪ್ 1921ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಭಾರತದ ಮರಗಳ ಕೃಷಿಶಾಸ್ತ್ರದಲ್ಲಿ ಪ್ರತಿ ಜಾತಿಯ ಸಸಿ ಎಷ್ಟು ನೆರಳು ತಾಳುತ್ತದೆ, ಯಾವ ವಯಸ್ಸಿನವರೆಗೆ ಎಂಬ ವಿವರಗಳಿವೆ. ಅಂಡಮಾನಿನಲ್ಲಿ ಅರಣ್ಯಾಧಿಕಾರಿ ಬಿ. ಎಸ್. ಚೆಂಗಪ್ಪ ರೂಪಿಸಿದ ವಿಧಾನ ಇನ್ನೂ ಸೂಕ್ಷ್ಮ. ಮೊದಲು ಬುಡದ ಪೊದೆ, ಆಮೇಲೆ ಕೆಳ ಅಂತಸ್ತಿನ ಮರ, ಹೀಗೆ ನೆರಳಿನ ಚಪ್ಪರವನ್ನು ಕೆಳಗಿನಿಂದ ಮೇಲಕ್ಕೆ ಹಂತ ಹಂತವಾಗಿ ಎತ್ತುತ್ತ ಹೋಗಿ, ಧೂಮದ ಬಳಗದ ಸಸಿಗಳು ಗಟ್ಟಿಯಾದ ಮೇಲಷ್ಟೇ ನೆತ್ತಿಯ ಮರಗಳನ್ನು ತೆಗೆಯುವುದು. ಮೈಸೂರು ಅರಣ್ಯ ಇಲಾಖೆಯ ಕೆ. ಕದಂಬಿ 1940ರ ದಶಕದ ಆರಂಭದಲ್ಲಿ ಆಗುಂಬೆ ಸೀಮೆಯ ಮಳೆಕಾಡುಗಳ ಬಗ್ಗೆ ಬರೆದ ಲೇಖನಗಳೂ ಇದೇ ಕಾಲದವು. ತಿಳಿವಳಿಕೆಗೆ ಕೊರತೆಯಿರಲಿಲ್ಲ. ಆದರೆ ಗುತ್ತಿಗೆದಾರನ ಕೊಡಲಿ ಮತ್ತು ಲಾರಿಯ ದಾರಿ ಟ್ರೂಪನ ಪುಟ ನೋಡಿ ನಡೆಯುವಂಥವಲ್ಲ. ಗುರುತು ಹೊಡೆದ ಒಂದು ಮರ ಬೀಳುವಾಗ ಬಳ್ಳಿಗಳಿಂದ ಹೆಣೆದುಕೊಂಡ ಅಕ್ಕಪಕ್ಕದ ಮರಗಳನ್ನೂ ಎಳೆದುಕೊಂಡು ಬೀಳುತ್ತದೆ, ದಿಮ್ಮಿ ಎಳೆಯುವ ಜಾಡು ಸಸಿಗಳನ್ನು ಅರೆಯುತ್ತದೆ. ಸಣ್ಣ ಕಂಡಿಯಾಗಬೇಕಾದದ್ದು ಬಯಲಾಗಿ, ಅಲ್ಲಿ ಕಾದಿದ್ದ ರಾಮಪತ್ರೆಯ ಬದಲು ಯುಪಟೋರಿಯಂ ಕಳೆ ತುಂಬುತ್ತದೆ. ಪ್ಲೈವುಡ್ ಮತ್ತು ಕಾಗದದ ಕಾರ್ಖಾನೆಗಳು ಬಂದ ಮೇಲೆ ವೇಗ ಇನ್ನಷ್ಟು ಹೆಚ್ಚಿತು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಸುತ್ತಲಿನ ಜನ ಕಳಸೆ ಕಾಡಿಗೆ ನಡೆದು ಮರ ಅಪ್ಪಿಕೊಂಡರು. ಪಾಂಡುರಂಗ ಹೆಗಡೆಯವರ ಮುಂದಾಳ್ತನದ ಅಪ್ಪಿಕೋ ಚಳವಳಿಯ ಆಕ್ಷೇಪದ ತಿರುಳೂ ಇದೇ ಆಗಿತ್ತು. ಕಡಿಯಲು ಅನುಮತಿ ಇದ್ದ ಮರಗಳಿಗಿಂತ ಆ ನೆಪದಲ್ಲಿ ನಾಶವಾಗುತ್ತಿದ್ದವೇ ಹೆಚ್ಚು.

ಕಡಿಯದ ಕಾಡಿನಲ್ಲಿ ಏನಾಗುತ್ತದೆಂದು ಅಳೆದು ನೋಡುವ ಕೆಲಸ ಅದರ ಬೆನ್ನಿಗೇ ಶುರುವಾಯಿತು. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆ ಕೊಡಗಿನ ಕಡಮಕಲ್ ಮೀಸಲು ಅರಣ್ಯದ ಉಪ್ಪಂಗಳದಲ್ಲಿ 1990ರ ಹೊತ್ತಿಗೆ ಸುಮಾರು 5 ಹೆಕ್ಟೇರಿನಷ್ಟು ಜಾಗ ಗೊತ್ತುಮಾಡಿ, ಮರ ಮರದ ಸುತ್ತಳತೆಯನ್ನೂ ಕಾಲಕಾಲಕ್ಕೆ ಅಳೆಯತೊಡಗಿತು. ಅಲ್ಲಿ ನೆತ್ತಿಯ ಅಂತಸ್ತಿನಲ್ಲಿ ಸಾಲುಧೂಪ ಮತ್ತು ಧೂಮ, ನಡುವೆ ರಾಮಪತ್ರೆಯ ಬಳಗ. ಎಲ್ಲಕ್ಕೂ ಕೆಳಗೆ ನೆರಳಿನಲ್ಲೇ ಹುಟ್ಟಿ ನೆರಳಿನಲ್ಲೇ ಹೂಬಿಟ್ಟು ಮುಗಿಯುವ ಹಂಬೋಲ್ಟಿಯಾದಂಥ ಕಿರುಮರಗಳು. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಜೌಗಿನಲ್ಲಿ, ಕೆಸರಿನಿಂದ ಮೊಣಕಾಲಿನಂತೆ ಮೇಲೆದ್ದ ರಾಮಪತ್ರೆ ಜಾತಿಯ ಬೇರುಗಳ ನಡುವೆ, ಗೇರಿನ ಕುಟುಂಬದ ಹೊಸ ಮರವೊಂದು ಸಿಕ್ಕಿತು. ದಾಸಪ್ಪ ಮತ್ತು ಸ್ವಾಮಿನಾಥ್ 2000ದಲ್ಲಿ ಅದನ್ನು ವರ್ಣಿಸಿ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು. ಕಾನಿನ ನೆರಳು ಶತಮಾನಗಳ ಕಾಲ ಹರಿಯದೆ ಉಳಿದ ಜಾಗದಲ್ಲಿ ಮಾತ್ರ ಇಂಥದ್ದು ಸಿಗುವುದು.

ಇಷ್ಟೆಲ್ಲ ನಡೆಯುವಾಗ ಒಂದು ಹಳೆಯ ಪ್ರಯೋಗ ಹೆಚ್ಚು ಕಡಿಮೆ ಮೂಲೆಯಲ್ಲಿತ್ತು. 1904ರಲ್ಲಿ ಜರ್ಮನಿಯ ಕಾರ್ಲ್ ಫ್ರಿಕೆ, ದೊಡ್ಡ ಪೈನ್ ಮರಗಳ ಕೆಳಗೆ ಸೊರಗಿದ್ದ ಪೈನ್ ಸಸಿಗಳ ಸುತ್ತ ಕಂದಕ ತೋಡಿ ದೊಡ್ಡ ಮರಗಳ ಬೇರುಗಳನ್ನು ಕಡಿದ. ಮೇಲಿನ ನೆರಳನ್ನು ಮುಟ್ಟಲಿಲ್ಲ. ಸಸಿಗಳು ಚಿಗುರಿ ಎದ್ದವು. ನೆರಳಿನ ಮೇಲೆ ಹೊರಿಸಿದ್ದ ತಪ್ಪಿನಲ್ಲಿ ಒಂದು ಪಾಲು ನೀರು ಕುಡಿಯುವ ಬೇರುಗಳದು ಎಂದು ಅದರಿಂದ ತಿಳಿಯಿತು. ಆಗುಂಬೆಯಂಥ 7,000 ಮಿ.ಮೀ. ಮಳೆಯ ಕಡೆ ಬೆಳಕೇ ಮೊದಲ ಕೊರತೆ, ಆದ್ದರಿಂದ ಅಲ್ಲಿ ಫ್ರಿಕೆಯ ಮಾತಿಗೆ ತೂಕ ಕಡಿಮೆ. 600 ಮಿ.ಮೀ. ಆಸುಪಾಸಿನ ವಿಜಯಪುರದಲ್ಲಿ ಅದಕ್ಕೇ ತೂಕ ಹೆಚ್ಚು. ಬದುವಿನ ಬೇವಿನ ಬುಡದಲ್ಲಿ ಬಿಳಿಜೋಳ ಕುಂಟುವುದನ್ನು ಕಂಡ ರೈತರು ಬದುವಿನ ಗುಂಟ ಕಾಲುವೆಯಂತೆ ಅಗೆದು ಬೇರು ಕಡಿಯುವುದುಂಟು. ಫ್ರಿಕೆ ಮಾಡಿದ್ದೂ ಅದನ್ನೇ.

ವಿಜಯಪುರ ಜಿಲ್ಲೆಯಲ್ಲಿ ಕಾಡು ನೆಲದ ನೂರಕ್ಕೆ ಒಂದು ಪಾಲೂ ಇಲ್ಲ, ಹಳೆಯ ಕಾಡಂತೂ ದೂರದ ಮಾತು. ಕನಮಡಿಯ ಆಚೆ ಮಹಾರಾಷ್ಟ್ರದ ಜತ್ತ ಸೀಮೆಯವರೆಗೂ ಹಬ್ಬಿದ ಮಡ್ಡಿಯಲ್ಲಿ ಮಣ್ಣು ತೆಳು, ಕೆಳಗೆ ಕಲ್ಲು. ಬ್ಯಾಸಿಗಿಯಲ್ಲಿ ಬೋಳು ನೆಲದ ಮೈ 50 ಡಿಗ್ರಿ ದಾಟಿ ಕಾಯುತ್ತದೆ, ಎಳೆಯ ಕಾಂಡ ನೆಲ ಮುಟ್ಟುವಲ್ಲಿಯೇ ಬೆಂದುಹೋಗುತ್ತದೆ. ಅದರಿಂದ ಉಳಿದದ್ದನ್ನು ಆಡು ತಿನ್ನುತ್ತದೆ. ಇಲ್ಲಿ ಕಾಡಿನ ಚಪ್ಪರದ ಕೆಲಸವನ್ನು ಮಾಡುವುದು ಮುಳ್ಳು ಪೊದೆ. ಬಾರಿಯ ಕಂಟಿಯ ಮೇಲೆ ಕಾಗೆಯೋ ಗೊರವಂಕವೋ ಕೂತು ಬೇವಿನ ಬೀಜ ಉದುರಿಸುತ್ತದೆ. ಕಂಟಿಯ ಕೆಳಗೆ ತರಗೆಲೆಯಿದೆ, ಮಣ್ಣಿನ ಪಸೆ ನಾಲ್ಕು ದಿನ ಹೆಚ್ಚು ನಿಲ್ಲುತ್ತದೆ, ಆಡಿನ ಬಾಯಿ ಒಳಗೆ ಹೋಗುವುದಿಲ್ಲ. ಎಳೆಯ ಬೇವು ಸಾಕಷ್ಟು ನೆರಳು ತಾಳುತ್ತದೆಂದೂ ಮುಳ್ಳು ಪೊದೆಯನ್ನು ಸೀಳಿಕೊಂಡು ಮೇಲೇಳುತ್ತದೆಂದೂ ಟ್ರೂಪ್ ದಾಖಲಿಸಿದ್ದಾನೆ. ಕೆಲವು ವರ್ಷಕ್ಕೆ ಬೇವು ಹೊರಗೆ ತಲೆ ಹಾಕಿ ಕೊಡೆ ಬಿಚ್ಚುತ್ತದೆ. ಬಿಸಿಲಿಲ್ಲದೆ ಬಾಳದ ಬಾರಿಕಂಟಿ ಅದರ ಕೆಳಗೆ ಸೊರಗುತ್ತದೆ. ಶ್ರೀಗಂಧದ ದಾರಿಯೂ ಇದೇ: ಹಕ್ಕಿ ಬಿತ್ತಿದ್ದು, ಪೊದೆಯ ಮರೆಯಲ್ಲಿ ಎದ್ದದ್ದು, ಆಸರೆ ಕೊಟ್ಟ ಗಿಡದ ಬೇರಿನಿಂದಲೇ ಪೋಷಣೆ ಹೀರಿದ್ದು.

ಕರಿಜಾಲಿ ಇದಕ್ಕೆ ಹೊರತು. ಅದಕ್ಕೆ ಎಳವೆಯಲ್ಲೂ ನೆರಳು ಆಗದು, ಅದರ ಆಸರೆ ಬೇರೆ. ಕಾಯಿ ತಿಂದ ಆಡುಕುರಿಗಳ ಹೊಟ್ಟೆ ಹಾದ ಬೀಜ ಬೇಗ ಮೊಳೆಯುತ್ತದೆ. ಬಿತ್ತನೆಗಾಗಿ ಅಂಥ ಬೀಜವನ್ನು ಕುರಿಹಟ್ಟಿಗಳಿಂದ ಒಟ್ಟುಮಾಡುವುದು ಬ್ರಿಟಿಷ್ ಕಾಲದ ಅರಣ್ಯ ಇಲಾಖೆಗೂ ಗೊತ್ತಿದ್ದ ಉಪಾಯ. ಬನ್ನಿಯ ನೆರಳು ತೆಳು, ಬೇರು ಆಳ, ಮಣ್ಣಿಗೆ ಸಾರಜನಕ ಸೇರಿಸುವ ಗುಣ ಬೇರೆ. ಬಯಲುಸೀಮೆಯಲ್ಲಿ ಕೆಳಗಿನ ಗಿಡಕ್ಕೆ ಇಷ್ಟು ಕಡಿಮೆ ತೊಂದರೆ ಕೊಡುವ ಮರ ವಿರಳ. 1877ರ ಸುಮಾರಿಗೆ ಜಮೈಕಾದಿಂದ ಭಾರತಕ್ಕೆ ಬೀಜ ಬಂದ ಬಳ್ಳಾರಿ ಜಾಲಿಯ ಸ್ವಭಾವ ಇದಕ್ಕೆ ವಿರುದ್ಧ. ಅದರ ಬುಡದಲ್ಲಿ ನೆರಳಿದ್ದರೂ ನೀರು ಉಳಿಯದು, ನಾಡಿನ ಗಿಡಗಳು ಅಲ್ಲಿ ಏಳುವುದು ಅಪರೂಪ.

ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರಿಗೆ ನೆರಳಿನ ಬೆಲೆ ಬೇರೆ ದಾರಿಯಿಂದ ಗೊತ್ತು. ಒಣದ್ರಾಕ್ಷಿಯ ಹಸಿರು ಕೆಡದಿರಲೆಂದು ಗೊಂಚಲುಗಳನ್ನು ನೇರ ಬಿಸಿಲಿಗೆ ಹಾಕದೆ, ನೆರಳುಬಲೆ ಕಟ್ಟಿದ ಶೆಡ್ಡಿನ ಅಟ್ಟಗಳ ಮೇಲೆ ಹರಡುತ್ತಾರೆ. ಅಂಥದೇ ಬಲೆಯ ಕೆಳಗೆ ನರ್ಸರಿಗಳು ಬೇವು, ಹೊಂಗೆ, ಹುಣಸೆ ಸಸಿ ಬೆಳೆಸುತ್ತವೆ. 2016ರ ಹೊತ್ತಿಗೆ ಬಬಲೇಶ್ವರದ ಶಾಸಕರಾಗಿದ್ದ ಎಂ. ಬಿ. ಪಾಟೀಲರು ಆರಂಭಿಸಿದ ಕೋಟಿ ವೃಕ್ಷ ಅಭಿಯಾನದಿಂದ ರಸ್ತೆ ಬದಿ, ಶಾಲೆಯ ಅಂಗಳ, ಭೂತನಾಳ ಕೆರೆಯ ಸುತ್ತಲಿನ ಬಯಲುಗಳಿಗೆ ಸಸಿ ಬಂದವು. ನರ್ಸರಿಯ ಬಲೆಯಿಂದ ಒಮ್ಮೆಗೇ ತೆರೆದ ಮಡ್ಡಿಗೆ ಬಂದ ಸಸಿಗೆ ಮೊದಲ ಎರಡು ಮೂರು ಬ್ಯಾಸಿಗಿ ಟ್ಯಾಂಕರ್ ನೀರು ಬೇಕು, ಮುಳ್ಳುಬೇಲಿ ಬೇಕು. ನೆಡುತೋಪಿಗೆ ನೆಲ ಹಸನು ಮಾಡುವಾಗ ಬಾರಿ, ಕವಳಿ, ತುಗ್ಗಲಿಯ ಕಂಟಿಗಳನ್ನು ಸವರಿಹಾಕುವುದು ಸಾಮಾನ್ಯ ರೂಢಿ. ಕಂಟಿ ಕಡಿಯದೆ ಅದರ ಮೂಡಣ ಮಗ್ಗುಲಿಗೆ ಗುಂಡಿ ತೋಡಿದರೆ ಸಸಿಗೆ ಮಧ್ಯಾಹ್ನದ ಮರೆ ಪುಕ್ಕಟೆ ಸಿಗುತ್ತದೆ. ಕಂಟಿಯ ಬೇರು ನೀರಿಗೆ ಪೈಪೋಟಿ ಕೊಟ್ಟರೆ ಗುಂಡಿಯ ಆ ಬದಿಯನ್ನು ವರ್ಷಕ್ಕೊಮ್ಮೆ ಸಲಿಕೆಯಿಂದ ಕಡಿದುಕೊಂಡರೆ ಸಾಕು.